ಗುಡ್ಡವೋ, ಗುಡ್ಡೆಯೋ?

2025ರ ಫೆಬ್ರವರಿಯಲ್ಲಿ ಕೆಲವು ದಿನ ಜಗತ್ತಿನ ಖಗೋಳಜ್ಞರ ನಿದ್ದೆಗೆಡಿಸಿದ ಕಲ್ಲೊಂದಿತ್ತು. 2024 ವೈಆರ್4 ಎಂಬ ಆ ಕ್ಷುದ್ರಗ್ರಹ ಹಿಂದಿನ ಡಿಸೆಂಬರಿನ ಕೊನೆಯಲ್ಲಿ ಚಿಲಿ ದೇಶದ ಅಟ್ಲಾಸ್ ದೂರದರ್ಶಕದ ಕಣ್ಣಿಗೆ ಬಿದ್ದಿತ್ತು. 2032ರ ಡಿಸೆಂಬರ್ 22ರಂದು ಅದು ಭೂಮಿಗೆ ಅಪ್ಪಳಿಸುವ ಸಂಭವ ಶೇ. 3.1ರವರೆಗೆ ಏರಿತು, ಹೊಸ ವೀಕ್ಷಣೆಗಳು ಸೇರಿದಂತೆಲ್ಲ ಕೆಲವೇ ದಿನಗಳಲ್ಲಿ ನಗಣ್ಯವಾಯಿತು. ಸುದ್ದಿವಾಹಿನಿಗಳು ಬಡಿಯುತ್ತದೆಯೋ ಇಲ್ಲವೋ ಎಂಬುದನ್ನೇ ಹಿಡಿದು ಕೂತವು. ಅಷ್ಟೇ ಮುಖ್ಯವಾದ ಇನ್ನೊಂದು ಅಂಕಿಯತ್ತ ಹೆಚ್ಚಿನವರ ಗಮನ ಹೋಗಲಿಲ್ಲ. ಕಲ್ಲಿನ ಗಾತ್ರ 40ರಿಂದ 90 ಮೀಟರ್ ಎಂದು ಹೇಳಲಾಗಿತ್ತು. ಕೇಳಲು ಸಣ್ಣ ವ್ಯತ್ಯಾಸ. ತೂಕಕ್ಕೆ ಬಂದರೆ ಹನ್ನೊಂದು ಪಟ್ಟು. ಏಳು ವರ್ಷದಾಚೆಗೆ ಅದು ಯಾವ ದಿನ ಎಲ್ಲಿರುತ್ತದೆ ಎಂದು ಗುಣಿಸಿ ಹೇಳಬಲ್ಲವರಿಗೆ ಅದರ ಉದ್ದಗಲ ಮಾತ್ರ ಗೊತ್ತಾಗದೇ ಹೋದದ್ದು ಹೇಗೆ?

ಕ್ಷುದ್ರಗ್ರಹಗಳ ಅಧ್ಯಯನದ ಎರಡು ಶತಮಾನಗಳ ಪಾಡೇ ಇದು. ದೂರದರ್ಶಕ ಎಷ್ಟೇ ದೊಡ್ಡದಿರಲಿ, ಬೆರಳೆಣಿಕೆಯಷ್ಟನ್ನು ಬಿಟ್ಟರೆ ಉಳಿದವೆಲ್ಲ ಅದರಲ್ಲಿ ಕಾಣುವುದು ಒಂದು ಬೆಳಕಿನ ಚುಕ್ಕೆಯಾಗಿ. ಚುಕ್ಕೆ ಎಲ್ಲಿದೆ ಎಂಬುದರಿಂದ ಕಕ್ಷೆ ಸಿಗುತ್ತದೆ. ಅಲ್ಲಿ ಗಣಿತ ಗಟ್ಟಿಯಾಗಿದೆ. ಚುಕ್ಕೆ ಏನು ಎಂಬುದನ್ನು ತಿಳಿಯಲು ಇರುವುದು ಅದರ ಹೊಳಪು, ಬಣ್ಣ, ಆ ಹೊಳಪಿನ ಏರಿಳಿತ, ಅದು ಹೊರಸೂಸುವ ಶಾಖ. ಇವಿಷ್ಟರಿಂದ ಒಂದು ಕಲ್ಲಿನ ಗಾತ್ರ, ಆಕಾರ, ತೂಕ, ಜಾತಿ, ಗಟ್ಟಿತನ ಎಲ್ಲವನ್ನೂ ಹೇಳಬೇಕು. ಹೇಳಿದ್ದಾರೆ ಕೂಡ, ಮತ್ತು ಎಷ್ಟೋ ಸಲ ಸರಿಯಾಗಿಯೇ. ಆದರೆ ಬಾಹ್ಯಾಕಾಶ ನೌಕೆಗಳು ಹತ್ತಿರ ಹೋದಾಗಲೆಲ್ಲ ಒಂದಲ್ಲ ಒಂದು ನಂಬಿಕೆ ಕಳಚಿಬಿದ್ದಿದೆ. ಯಾವುದು ಉಳಿಯಿತು, ಯಾವುದು ಬಿತ್ತು ಎಂದು ನೋಡುತ್ತ ಹೋದರೆ ನನಗೆ ಒಂದು ಸಂಗತಿ ಎದ್ದು ಕಾಣುತ್ತದೆ: ಮೈಬಣ್ಣದ ವಿಷಯದಲ್ಲಿ ನಾವು ಸಾಕಷ್ಟು ಪಳಗಿದ್ದೇವೆ, ಮೈಗಟ್ಟಿನ ವಿಷಯದಲ್ಲಿ ಇನ್ನೂ ಅ ಆ ಇ ಈ.

ಹೊಳಪಿನಿಂದಲೇ ಶುರು ಮಾಡೋಣ. ಹೊಳಪನ್ನು ಅಳೆಯುವ ಕಾಂತಿಮಾನದ ಮಾಪಕಕ್ಕೆ ಈಗಿನ ಗಣಿತರೂಪ ಕೊಟ್ಟವನು ನಾರ್ಮನ್ ಪಾಗ್ಸನ್. ಐದು ಅಂಕಗಳ ಅಂತರವೆಂದರೆ ನೂರು ಪಟ್ಟು ಬೆಳಕು ಎಂದು 1856ರಲ್ಲಿ ಸೂಚಿಸಿದ. ಮುಂದೆ ಅವನು ಮದ್ರಾಸ್ ವೀಕ್ಷಣಾಲಯಕ್ಕೆ ಬಂದ. 1861ರ ಏಪ್ರಿಲಿನಲ್ಲಿ ಅಲ್ಲಿಂದ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದ. ಈ ಖಂಡದಿಂದ ಸಿಕ್ಕ ಮೊದಲನೆಯದಾದ್ದರಿಂದ ಅದಕ್ಕೆ ‘ಏಷ್ಯಾ’ ಎಂದೇ ಹೆಸರು. ಸ್ಯಾಫೋ, ಸಿಲ್ವಿಯಾ, ಕ್ಯಾಮಿಲಾ, ವೀರಾ ಕೂಡ ಅವನು ಮದ್ರಾಸಿನಿಂದಲೇ ಕಂಡವು. ಇವುಗಳಲ್ಲಿ ಸಿಲ್ವಿಯಾಕ್ಕೆ ಎರಡು ಚಂದ್ರಗಳಿವೆ ಎಂದು ಗೊತ್ತಾಗಲು 2005ರವರೆಗೆ ಕಾಯಬೇಕಾಯಿತು. ಆ ಮದ್ರಾಸ್ ವೀಕ್ಷಣಾಲಯದ ವಾರಸುದಾರ ಸಂಸ್ಥೆ ಇಂದು ಬೆಂಗಳೂರಿನ ಕೋರಮಂಗಲದಲ್ಲಿದೆ, ಭಾರತೀಯ ಖಭೌತ ಸಂಸ್ಥೆ. ಅದರ ಕಾವಲೂರು ವೀಕ್ಷಣಾಲಯದಿಂದ 1988ರಲ್ಲಿ ಆರ್. ರಾಜಮೋಹನ್ ಕಂಡ ಕ್ಷುದ್ರಗ್ರಹಕ್ಕೆ ರಾಮಾನುಜನ್ ಹೆಸರಿದೆ.

ಪಾಗ್ಸನ್ನನ ಮಾಪಕ ಹೊಳಪನ್ನು ಕರಾರುವಾಕ್ಕಾಗಿ ಹೇಳುತ್ತದೆ. ಆದರೆ ಹೊಳಪು ಹೇಳಿದರೆ ಗಾತ್ರ ಹೇಳಿದಂತಾಗುವುದಿಲ್ಲ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನಷ್ಟೇ ಹಿಂದೆ ಕಳಿಸುವ ಕರ್ರಗಿನ ದೊಡ್ಡ ಕಲ್ಲೂ ನಲವತ್ತು ಪಾಲು ಕಳಿಸುವ ಬೆಳ್ಳನೆಯ ಸಣ್ಣ ಕಲ್ಲೂ ಒಂದೇ ಸಮನೆ ಹೊಳೆಯಬಲ್ಲವು. ಲೆಕ್ಕ ಹಾಕಿ ನೋಡಿ: ನಿಜ ಕಾಂತಿಮಾನ 22 ಇರುವ ಒಂದು ಕಲ್ಲು ಬೆಳಕಿನ ಕಾಲುಭಾಗವನ್ನು ಪ್ರತಿಫಲಿಸುವ ಜಾತಿಯದಾದರೆ ಅದರ ಅಡ್ಡಳತೆ 105 ಮೀಟರ್ ಚಿಲ್ಲರೆ, ಇಪ್ಪತ್ತನೇ ಒಂದು ಭಾಗವನ್ನಷ್ಟೇ ಪ್ರತಿಫಲಿಸುವುದಾದರೆ 235ನ್ನು ದಾಟುತ್ತದೆ. ವೈಆರ್4ರ ವಿಷಯದಲ್ಲಿ ಆದದ್ದೂ ಇದೇ.

ಈ ಪೇಚಿನಿಂದ ಪಾರಾಗಲು ಮೊದಲು ನಡೆದ ದೊಡ್ಡ ಯತ್ನ ಎಡ್ವರ್ಡ್ ಬಾರ್ನಾರ್ಡ್‌ನದು. 1890ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲಿಕ್ ವೀಕ್ಷಣಾಲಯದ 36 ಇಂಚಿನ ದೂರದರ್ಶಕಕ್ಕೆ ಕಣ್ಣಿಟ್ಟು, ಮೊದಲು ಪತ್ತೆಯಾದ ನಾಲ್ಕು ಕ್ಷುದ್ರಗ್ರಹಗಳ ಪುಟ್ಟ ಬಿಲ್ಲೆಯನ್ನು ಅಳತೆಯ ಎಳೆಗಳ ನಡುವೆ ಹಿಡಿದು ಅಳೆದ. ಸೀರೀಸ್ 781 ಕಿಲೋಮೀಟರ್, ವೆಸ್ಟಾ 391 ಎಂದ. ಮುಕ್ಕಾಲು ಶತಮಾನ ಪಠ್ಯಪುಸ್ತಕಗಳಲ್ಲಿ ಇವೇ ಅಂಕಿಗಳು. ನಿಜಕ್ಕೂ ಸೀರೀಸ್ 940ರಷ್ಟಿದೆ, ವೆಸ್ಟಾ 525ರಷ್ಟು. ಬಾರ್ನಾರ್ಡ್ ಆ ಕಾಲದ ಅತಿ ಚುರುಕಾದ ಕಣ್ಣುಗಳ ಪೈಕಿ ಒಬ್ಬ. ಅವನಿಗೇ ಇಷ್ಟು ತಪ್ಪಿತೆಂದರೆ ಕಣ್ಣಳತೆಯ ಮಿತಿ ಅಷ್ಟು.

ದಾರಿ ತೆರೆದದ್ದು ಶಾಖ. ಕಪ್ಪು ಕಲ್ಲು ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ. ಹೀರಿದ್ದು ಎಲ್ಲಿಗೆ ಹೋಗಬೇಕು? ಬಿಸಿಯಾಗಿ, ಅವಕೆಂಪು ಕಿರಣವಾಗಿ ಹೊರಬರುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನೂ ಕಾಣದ ಶಾಖವನ್ನೂ ಎರಡನ್ನೂ ಅಳೆದರೆ ಗಾತ್ರ ಮತ್ತು ಪ್ರತಿಫಲನ ಶಕ್ತಿ ಬೇರೆಬೇರೆಯಾಗಿ ಸಿಗುತ್ತವೆ. 1970ರಲ್ಲಿ ವೆಸ್ಟಾದ ಮೇಲೆ ಈ ಉಪಾಯ ಹೂಡಿದಾಗ ಅದು ಬಾರ್ನಾರ್ಡ್ ಹೇಳಿದ್ದಕ್ಕಿಂತ ಬಹಳ ದೊಡ್ಡದೆಂದು ತಿಳಿಯಿತು. ಭೂಮಿಯ ವಾತಾವರಣ ಈ ಶಾಖದ ಬಹುಪಾಲನ್ನು ತಡೆಯುವುದರಿಂದ ಕೆಲಸ ಆಕಾಶಕ್ಕೆ ಏರಿತು. 1983ರಲ್ಲಿ ಐರಾಸ್ ಉಪಗ್ರಹ, ನಂತರ ಜಪಾನಿನ ಅಕಾರಿ, 2009ರ ಕೊನೆಯಲ್ಲಿ ಹಾರಿ 2024ರ ಆಗಸ್ಟ್‌ವರೆಗೆ ಬಿಟ್ಟು ಬಿಟ್ಟು ದುಡಿದ ವೈಸ್. ಇಂದು ಕ್ಷುದ್ರಗ್ರಹಗಳ ಗಾತ್ರವೆಂದು ಪಟ್ಟಿಗಳಲ್ಲಿ ಕಾಣುವ ಅಂಕಿಗಳ ದೊಡ್ಡ ಪಾಲು ಇವುಗಳ ಕೊಡುಗೆ. ವೈಆರ್4ಕ್ಕೂ ಕೊನೆಗೆ ಇದೇ ಮದ್ದು: 2025ರ ಮಾರ್ಚಿನಲ್ಲಿ ಜೇಮ್ಸ್ ವೆಬ್ ದೂರದರ್ಶಕ ಅದರ ಶಾಖ ಅಳೆದು 60 ಮೀಟರಿನ ಆಸುಪಾಸು ಎಂದಿತು.

ಬಣ್ಣದ ಕತೆ ಇನ್ನೂ ಸ್ವಾರಸ್ಯವಾದದ್ದು. ಖನಿಜಗಳು ತಮಗೆ ಬೇಕಾದ ಅಲೆಯುದ್ದದ ಬೆಳಕನ್ನು ನುಂಗುತ್ತವೆ. ಹಾಗೆ ನುಂಗಿದ ಜಾಗ ರೋಹಿತದಲ್ಲಿ ತಗ್ಗಾಗಿ ಕಾಣುತ್ತದೆ. 1970ರಲ್ಲಿ ಥಾಮಸ್ ಮೆಕಾರ್ಡ್ ಮತ್ತು ಸಂಗಡಿಗರು ವೆಸ್ಟಾದ ರೋಹಿತದಲ್ಲಿ ಪೈರಾಕ್ಸೀನ್ ಖನಿಜದ ತಗ್ಗನ್ನು ಗುರುತಿಸಿದರು. ಭೂಮಿಗೆ ಬಿದ್ದ ಒಂದು ಬಗೆಯ ಉಲ್ಕಾಶಿಲೆಗಳಲ್ಲೂ ಅದೇ ತಗ್ಗು ಅದೇ ಜಾಗದಲ್ಲಿತ್ತು. ಯೂಕ್ರೈಟ್ ಎಂಬ ಆ ಶಿಲೆಗಳು ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್. ವಿಜಯಪುರ, ಕಲಬುರಗಿಯ ನೆಲದಡಿಯ ಕಪ್ಪು ಕಲ್ಲಿನ ಜಾತಿಯವೇ. ಅಂದರೆ ಐನೂರು ಕಿಲೋಮೀಟರಿನ ಒಂದು ಸಣ್ಣ ಲೋಕ ಒಂದಾನೊಂದು ಕಾಲಕ್ಕೆ ಕರಗಿ ಲಾವಾ ಹರಿಸಿತ್ತು. ಅಷ್ಟು ಸಣ್ಣದರ ಒಳಗೆ ಅಷ್ಟು ಬೆಂಕಿ ಎಲ್ಲಿಂದ ಬಂತು?

ಇದಕ್ಕೆ ಬಲವಾದ ಸಾಕ್ಷ್ಯವೊಂದು ಸಿಕ್ಕಿದ್ದು ನಮ್ಮ ದೇಶದಲ್ಲೇ. 1996ರ ಜೂನ್ 20ರಂದು ರಾಜಸ್ಥಾನದ ಪಿಪಲಿಯಾ ಕಲಾನ್‌ನಲ್ಲಿ ಒಂದು ಯೂಕ್ರೈಟ್ ಬಿತ್ತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ಜಿ. ಶ್ರೀನಿವಾಸನ್, ಜೆ. ಎನ್. ಗೋಸ್ವಾಮಿ, ಎನ್. ಭಂಡಾರಿ ಅದರ ಹರಳುಗಳಲ್ಲಿ ಮೆಗ್ನೀಸಿಯಂ-26 ಲೆಕ್ಕಕ್ಕಿಂತ ಹೆಚ್ಚಿರುವುದನ್ನು ಅಳೆದು 1999ರಲ್ಲಿ ಪ್ರಕಟಿಸಿದರು. ಆ ಹೆಚ್ಚುವರಿ ಬಂದದ್ದು ಅಲ್ಯುಮಿನಿಯಂ-26ರಿಂದ. ಏಳು ಲಕ್ಷ ವರ್ಷಕ್ಕೆ ಅರ್ಧ ಕರಗಿಹೋಗುವ ಈ ವಿಕಿರಣಶೀಲ ಧಾತು ಸೌರವ್ಯೂಹದ ಶೈಶವದಲ್ಲಿ ಮಾತ್ರ ಇದ್ದದ್ದು. ಕಲ್ಲು ಹೆಪ್ಪುಗಟ್ಟುವಾಗಲೂ ಅದು ಜೀವಂತವಾಗಿತ್ತೆಂದರೆ ಒಲೆಯ ಸೌದೆ ಯಾವುದೆಂದು ಗೊತ್ತಾದಂತೆಯೇ. ಇದೇ ಗೋಸ್ವಾಮಿ ಮುಂದೆ ಚಂದ್ರಯಾನ-1ರ ಪ್ರಧಾನ ವಿಜ್ಞಾನಿಯಾದರು. 2011-12ರಲ್ಲಿ ಡಾನ್ ನೌಕೆ ವೆಸ್ಟಾವನ್ನು ಸುತ್ತಿ ಬಂದಾಗ ದಕ್ಷಿಣ ಧ್ರುವದಲ್ಲಿ ಐನೂರು ಕಿಲೋಮೀಟರ್ ಅಗಲದ ಕುಳಿ ಕಂಡಿತು. ನಮ್ಮಲ್ಲಿಗೆ ಬೀಳುವ ಚೂರುಗಳು ಮೂಲತಃ ಸಿಡಿದದ್ದು ಎಲ್ಲಿಂದ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಂತಾಯಿತು. ದೂರದಿಂದ ಕಟ್ಟಿದ ತರ್ಕ ಹತ್ತಿರ ಹೋದಾಗ ಇಷ್ಟು ಅಚ್ಚುಕಟ್ಟಾಗಿ ನಿಜವಾದದ್ದು ಅಪರೂಪ.

ಉಳಿದವುಗಳ ವಿಷಯದಲ್ಲಿ ಅಷ್ಟು ಸಲೀಸಾಗಲಿಲ್ಲ. 1975ರಲ್ಲಿ ಚಾಪ್‌ಮನ್, ಮಾರಿಸನ್, ಝೆಲ್ನರ್ ಮೂವರೂ ಕ್ಷುದ್ರಗ್ರಹಗಳನ್ನು ಮುಖ್ಯವಾಗಿ ಎರಡು ಗುಂಪು ಮಾಡಿದರು: ಇದ್ದಿಲಿನಂತೆ ಕಪ್ಪಗಿನ ಸಿ ಗುಂಪು, ತುಸು ಕೆಂಪಗೆ ಹೊಳೆಯುವ ಎಸ್ ಗುಂಪು. ಲೋಹದ ಗುಮಾನಿ ಇರುವ ಎಂ ಗುಂಪು ಬೇಗನೆ ಸೇರಿತು. ಆಮೇಲೆ ಅಕ್ಷರಮಾಲೆಯೇ ಬೆಳೆಯಿತು. ತಕರಾರು ಎದ್ದದ್ದು ಎಸ್ ಗುಂಪಿನ ಸುತ್ತ. ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಬಹುಪಾಲು ಸಾಧಾರಣ ಕಾಂಡ್ರೈಟ್ ಎಂಬ ಜಾತಿಯವು. ಅಷ್ಟೊಂದು ಬೀಳಬೇಕಾದರೆ ಅದರ ತವರು ಹತ್ತಿರದಲ್ಲೇ, ಹೇರಳವಾಗಿಯೇ ಇರಬೇಕು. ಹೇರಳವಾಗಿ ಇರುವುದು ಎಸ್ ಗುಂಪು. ಆದರೆ ಎರಡರ ರೋಹಿತ ಹೊಂದುವುದೇ ಇಲ್ಲ! ಎಸ್ ಕಲ್ಲುಗಳು ಹೆಚ್ಚು ಕೆಂಪು, ತಗ್ಗುಗಳು ಮಸುಕು. ಬಿಸಿಲು, ಸೌರಮಾರುತ, ಧೂಳುಕಣಗಳ ಹೊಡೆತಕ್ಕೆ ಮೇಲ್ಮೈ ಬಣ್ಣಗೆಡುತ್ತದೆ ಎಂದು ಒಂದು ಪಕ್ಷ. ಅದೆಲ್ಲ ನೆಪ, ಎರಡೂ ಬೇರೆಯೇ ಕಲ್ಲುಗಳೆಂದು ಇನ್ನೊಂದು ಪಕ್ಷ. ವಾದ ದಶಕಗಟ್ಟಲೆ ನಡೆಯಿತು.

ತೀರ್ಪು ಕೊಟ್ಟದ್ದು ಜಪಾನಿನ ಹಯಬುಸ ನೌಕೆ. ಇಟೊಕಾವಾ ಎಂಬ ಅರ್ಧ ಕಿಲೋಮೀಟರ್ ಉದ್ದದ ಎಸ್ ಗುಂಪಿನ ಕಲ್ಲಿನ ಮೇಲೆ 2005ರಲ್ಲಿ ಅದು ಇಳಿಯಿತು. ಮೇಲ್ಮೈಗೆ ಗುಂಡು ಹೊಡೆದು ಪುಡಿ ಎಬ್ಬಿಸಬೇಕಿತ್ತು. ಗುಂಡು ಹಾರಲೇ ಇಲ್ಲ. ಇಂಧನ ಸೋರಿತು, ಸಂಪರ್ಕ ತಪ್ಪಿತು, ಎಂಜಿನುಗಳು ಒಂದೊಂದಾಗಿ ಕೈಕೊಟ್ಟವು. 2010ರ ಜೂನಿನಲ್ಲಿ ಅದರ ಕೋಶ ಆಸ್ಟ್ರೇಲಿಯಾದ ಮರುಭೂಮಿಗೆ ಬಿದ್ದಾಗ ಒಳಗೆ ಏನಾದರೂ ಇದೆಯೇ ಎಂಬುದೇ ಅನುಮಾನವಾಗಿತ್ತು. ಇದ್ದವು, ಕಣ್ಣಿಗೆ ಕಾಣದಷ್ಟು ಸಣ್ಣ ಸಾವಿರದೈನೂರು ಕಣಗಳು. ಸೂಕ್ಷ್ಮದರ್ಶಕದಡಿ ಅವು ಅಪ್ಪಟ ಸಾಧಾರಣ ಕಾಂಡ್ರೈಟ್. ಅಂಚಿನಲ್ಲಿ ಮಾತ್ರ ಅತಿ ತೆಳುವಾದ ಪದರ, ಅದರೊಳಗೆ ನ್ಯಾನೊ ಗಾತ್ರದ ಕಬ್ಬಿಣದ ಬೊಟ್ಟುಗಳು. ಬಣ್ಣಗೆಡಿಸುತ್ತಿದ್ದದ್ದು ಅವೇ.

ಸಿ ಗುಂಪಿನದು ಬೇರೊಂದು ಪಾಠ. ಹಯಬುಸ2 ನೌಕೆ ಆ ಗುಂಪಿನ ರ್‍ಯೂಗುವಿನಿಂದ 2020ರ ಡಿಸೆಂಬರಿನಲ್ಲಿ ತಂದ 5.4 ಗ್ರಾಂ ಪುಡಿ ಹೋಲುತ್ತಿದ್ದದ್ದು ಸಿಐ ಕಾಂಡ್ರೈಟ್‌ಗಳನ್ನು. ಜಗತ್ತಿನ ಸಂಗ್ರಹಾಲಯಗಳಲ್ಲೆಲ್ಲ ಹುಡುಕಿದರೂ ಈ ಜಾತಿಯ ಉಲ್ಕಾಶಿಲೆಗಳು ಬೆರಳೆಣಿಕೆಯಷ್ಟೇ. ಆಕಾಶದಲ್ಲಿ ಧಾರಾಳ, ಭೂಮಿಯಲ್ಲಿ ದುರ್ಲಭ. ಯಾಕೆಂದರೆ ಅಷ್ಟು ಮೆತುವಾದ ಕಲ್ಲು ವಾತಾವರಣದ ತಿಕ್ಕಾಟವನ್ನು ತಾಳಿಕೊಂಡು ನೆಲ ಮುಟ್ಟುವುದೇ ಕಷ್ಟ. ಉಲ್ಕಾಶಿಲೆಗಳನ್ನೇ ನೋಡಿ ಆಕಾಶವನ್ನು ಊಹಿಸುತ್ತಿದ್ದವರಿಗೆ ಗಟ್ಟಿ ಕಲ್ಲುಗಳ ಕಡೆಗೆ ಒಂದು ವಾಲು ಮೊದಲಿನಿಂದಲೂ ಇತ್ತು ಎಂದಾಯಿತು. ಇನ್ನು 2008ರ ಅಕ್ಟೋಬರಿನಲ್ಲಿ ಪತ್ತೆಯಾಗಿ ಒಂದು ದಿನ ತುಂಬುವ ಮೊದಲೇ ಸುಡಾನಿನ ಮೇಲೆ ಸಿಡಿದ 2008 ಟಿಸಿ3 ಎಂಬ ನಾಲ್ಕು ಮೀಟರಿನ ಕಲ್ಲು ಮತ್ತೊಂದು ಗಂಟು ಹಾಕಿತು. ಖಾರ್ಟೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಾಲಾಗಿ ಮರುಭೂಮಿಯಲ್ಲಿ ನಡೆದು ಆಯ್ದ ಚೂರುಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಜಾತಿಯ ಕಲ್ಲುಗಳಿದ್ದವು. ನಾಲ್ಕೇ ಮೀಟರಿನ ಒಂದು ಕಲ್ಲು, ಅದರೊಳಗೆ ಹಲವು ಮನೆತನ.

ಎಂ ಗುಂಪಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗಬೇಕು. ಸೈಕಿ ಎಂಬ ಕ್ಷುದ್ರಗ್ರಹದಲ್ಲಿ ಲೆಕ್ಕವಿಲ್ಲದಷ್ಟು ಲಕ್ಷ ಕೋಟಿ ರೂಪಾಯಿಯ ಲೋಹವಿದೆ, ತಂದರೆ ಎಲ್ಲರೂ ಕೋಟ್ಯಧಿಪತಿಗಳು ಎಂಬ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ 7.8 ಗ್ರಾಂ, ಸೈಕಿಯ ಈಗಿನ ಅಂದಾಜು ನಾಲ್ಕರ ಆಸುಪಾಸು. ಒಂದೋ ಅರ್ಧ ಟೊಳ್ಳು, ಇಲ್ಲವೇ ಕಲ್ಲಿನ ಜೊತೆ ಬೆರೆತ ಲೋಹ. 2023ರ ಅಕ್ಟೋಬರಿನಲ್ಲಿ ಹೊರಟ ನಾಸಾ ನೌಕೆ 2029ರಲ್ಲಿ ತಲುಪಿದ ಮೇಲೆ ಆ ಮಾತು. ಅಲ್ಲಿಯವರೆಗೆ ಕೋಟಿಗಳ ಲೆಕ್ಕ ಹಾಕುವವರು ಹಾಕಿಕೊಳ್ಳಲಿ.

ಸಾಂದ್ರತೆ ಎಂದೆ. ಅಲ್ಲಿಂದಲೇ ನಿಜವಾದ ತೊಡಕು ಶುರು. ಬಣ್ಣ ಹೇಳುವುದು ಮೇಲಿನ ಒಂದು ತೆಳು ಪದರದ ಸುದ್ದಿಯನ್ನು. ಒಳಗೇನಿದೆ ಎಂದು ತಿಳಿಯಲು ತೂಗಬೇಕು. ತೂಗಲು ಅದರ ಸುತ್ತ ಏನಾದರೂ ಸುತ್ತುತ್ತಿರಬೇಕು, ಅಥವಾ ಪಕ್ಕದಲ್ಲಿ ಹಾದುಹೋಗಬೇಕು. 1993ರಲ್ಲಿ ಗೆಲಿಲಿಯೊ ನೌಕೆ ಐಡಾ ಎಂಬ ಕ್ಷುದ್ರಗ್ರಹದ ಪಕ್ಕ ಹಾಯ್ದಾಗ ತೆಗೆದ ಚಿತ್ರದಲ್ಲಿ ಡ್ಯಾಕ್ಟಿಲ್ ಎಂಬ ಪುಟ್ಟ ಚಂದ್ರ ಕಂಡದ್ದು ಆ ಕಾರಣಕ್ಕೇ ದೊಡ್ಡ ಸುದ್ದಿ. 1997ರ ಜೂನಿನಲ್ಲಿ ನಿಯರ್ ನೌಕೆ ಮಟಿಲ್ಡೆಯನ್ನು ದಾಟುವಾಗ ನೌಕೆಯ ಹಾದಿ ಎಷ್ಟು ಬಾಗಿತೆಂದು ಅಳೆದರು. ಸಾಂದ್ರತೆ 1.3. ನೀರಿಗಿಂತ ಸ್ವಲ್ಪ ಭಾರ, ಅಷ್ಟೆ. ಅಂಥ ಕಲ್ಲಿನ ಜಾತಿಗೆ ಇರಬೇಕಾದ ತೂಕದ ಅರ್ಧದಷ್ಟೇ ಇದ್ದ ಮೇಲೆ ಉಳಿದರ್ಧ ಖಾಲಿ ಜಾಗವೇ ಆಗಬೇಕು. ಇಟೊಕಾವಾ 1.9; ಅದರ ನೂರಕ್ಕೆ ನಲವತ್ತು ಪಾಲು ಟೊಳ್ಳು. ಬೆನ್ನು ಎಂಬ ಕ್ಷುದ್ರಗ್ರಹ, ರ್‍ಯೂಗು ಎರಡೂ 1.19. ಏರಾಸ್ ಮಾತ್ರ 2.67 ಇದ್ದು, ಬಿರುಕು ಬಿಟ್ಟರೂ ಇನ್ನೂ ಒಂದೇ ಬಂಡೆ ಎನ್ನುವಂತಿದೆ.

ಅಂದರೆ ಆಕಾಶದಲ್ಲಿ ತೇಲುತ್ತಿರುವ ಬಹುಪಾಲು ‘ಕಲ್ಲು’ಗಳು ಕಲ್ಲುಗಳ ಗುಡ್ಡೆಗಳು. ಯಾವುದೋ ದೊಡ್ಡದು ಡಿಕ್ಕಿಗೆ ಒಡೆದು, ಚೂರುಗಳು ತಮ್ಮದೇ ದುರ್ಬಲ ಗುರುತ್ವಕ್ಕೆ ಮತ್ತೆ ಒಟ್ಟುಗೂಡಿ ಆದವು. ಈ ಊಹೆ 1970ರ ದಶಕದಲ್ಲೇ ಹುಟ್ಟಿತ್ತು. ನೌಕೆಗಳು ಹೋಗುವ ಮೊದಲೇ ಅದಕ್ಕೊಂದು ಸೊಗಸಾದ ಪುರಾವೆಯೂ ಬಂತು, ಹೊಳಪಿನ ಏರಿಳಿತದಿಂದ. ಉದ್ದನೆಯ ಕಲ್ಲು ತಿರುಗುವಾಗ ಅಗಲದ ಮಗ್ಗುಲು ತೋರಿದರೆ ಹೊಳಪು ಜಾಸ್ತಿ, ತುದಿ ತೋರಿದರೆ ಕಡಿಮೆ. ಹಾಗಾಗಿ ಒಂದು ಸುತ್ತಿಗೆ ಎಷ್ಟು ಹೊತ್ತು ಎಂದು ಹೇಳಬಹುದು. ಸಾಧಾರಣ ದೂರದರ್ಶಕ ಮತ್ತು ತಾಳ್ಮೆ ಇರುವ ಹವ್ಯಾಸಿಗಳೂ ಮಾಡಬಹುದಾದ ಕೆಲಸವಿದು, ಮಾಡುತ್ತಲೂ ಇದ್ದಾರೆ. ಸಡಿಲವಾಗಿ ಕೂಡಿಟ್ಟ ಗುಡ್ಡೆ ಜೋರಾಗಿ ತಿರುಗಿದರೆ ಸಮಭಾಜಕದ ಕಲ್ಲುಗಳು ಎದ್ದು ಹಾರಬೇಕು. ಆ ಮಿತಿ ಎಷ್ಟೆಂಬುದು ಗಾತ್ರವನ್ನು ಅವಲಂಬಿಸುವುದಿಲ್ಲ, ಸಾಂದ್ರತೆಯೊಂದನ್ನೇ ಅವಲಂಬಿಸುತ್ತದೆ. ಸುಮಾರು ಎರಡು ಗ್ರಾಮಿನ ಸಾಂದ್ರತೆಗೆ ಸುಮಾರು 2.2 ಗಂಟೆ. ಪೀಟರ್ ಪ್ರಾವೆಕ್ ಮತ್ತು ಅಲನ್ ಹ್ಯಾರಿಸ್ 2000ದಲ್ಲಿ ಲಭ್ಯವಿದ್ದ ಅಳತೆಗಳನ್ನೆಲ್ಲ ಒಂದೇ ನಕ್ಷೆಯ ಮೇಲೆ ಹಾಕಿದರು. ಇನ್ನೂರು ಮೀಟರಿಗಿಂತ ದೊಡ್ಡದಾದ ಯಾವುದೂ ಆ ಗೆರೆ ದಾಟಿರಲಿಲ್ಲ. ಅದಕ್ಕಿಂತ ಸಣ್ಣವು ಮಾತ್ರ ನಿಮಿಷಗಳಲ್ಲಿ ಗಿರಗಿರ ತಿರುಗುತ್ತಿದ್ದವು. ಅವು ಒಂಟಿ ಬಂಡೆಗಳು. ಚುಕ್ಕೆಯ ಮಿನುಗಿನಿಂದ ಒಳಗಿನ ಕಟ್ಟಡವನ್ನೇ ಓದಿದ ಈ ನಕ್ಷೆ ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ಅತ್ಯಂತ ಜಾಣ ಕೆಲಸ.

ಆಮೇಲೆ ಅಪವಾದಗಳು ಬಂದವು. 1950 ಡಿಎ ಎಂಬ ಕಿಲೋಮೀಟರಿಗೂ ಮೀರಿದ ಕಲ್ಲು 2.1 ಗಂಟೆಗೆ ಒಂದು ಸುತ್ತು ಹಾಕುತ್ತದೆ. ಅದರ ಸಾಂದ್ರತೆ 1.7ರ ಆಸುಪಾಸು ಎಂದು 2014ರಲ್ಲಿ ಲೆಕ್ಕ ಬಂದಾಗ, ಗುರುತ್ವವೊಂದೇ ಅದನ್ನು ಹಿಡಿದಿಡಲಾರದು ಎಂದು ಗೊತ್ತಾಯಿತು. ಸಣ್ಣ ಕಣಗಳ ನಡುವಿನ ಅಣುಮಟ್ಟದ ಅಂಟು ಜೊತೆಗಿರಬೇಕು. ಎಷ್ಟು ಅಂಟು ಸಾಕು? ಸುಮಾರು 64 ಪ್ಯಾಸ್ಕಲ್, ನಮ್ಮ ವಾತಾವರಣದ ಒತ್ತಡದ ಸಾವಿರದೈನೂರನೇ ಒಂದು ಪಾಲಿಗಿಂತಲೂ ಕಡಿಮೆ. ಇನ್ನು 2026ರ ಜನವರಿಯಲ್ಲಿ ವೀರಾ ರೂಬಿನ್ ವೀಕ್ಷಣಾಲಯದ ತಂಡ ಪ್ರಕಟಿಸಿದ 2025 ಎಂಎನ್45 ಈ ಎಲ್ಲ ಲೆಕ್ಕವನ್ನೂ ಮೀರಿದೆ: 710 ಮೀಟರ್ ಗಾತ್ರ, ಒಂದು ಸುತ್ತಿಗೆ ಎರಡು ನಿಮಿಷವೂ ಬೇಡ. ಅದು ಗುಡ್ಡೆಯಾಗಿರಲು ಸಾಧ್ಯವೇ ಇಲ್ಲ; ಗಟ್ಟಿ ಬಂಡೆಯೇ.

ದೂರದಿಂದ ಓದಿದ್ದು ಹತ್ತಿರದಲ್ಲಿ ಹೇಗೆ ತಿರುಗಿಬೀಳುತ್ತದೆ ಎಂಬುದಕ್ಕೆ ಬೆನ್ನುವಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅರ್ಧ ಕಿಲೋಮೀಟರಿನ ಈ ಕಲ್ಲನ್ನು 1999 ಮತ್ತು 2005ರಲ್ಲಿ ಪೋರ್ಟೊರಿಕೊದ ಅರೆಸಿಬೊ ರೇಡಾರ್ ಚೆನ್ನಾಗಿ ನೋಡಿತ್ತು. ಬುಗುರಿಯ ಆಕಾರ ಎಂದಿತ್ತು, ಹಾಗೇ ಇತ್ತು. ತಪ್ಪಿದ್ದು ಮೇಲ್ಮೈ ವಿಷಯದಲ್ಲಿ. ಬೇಸಿಗೆಯಲ್ಲಿ ಹಂಪಿಗೆ ಹೋದವರಿಗೆ ಗೊತ್ತು: ಸೂರ್ಯ ಮುಳುಗಿ ಎಷ್ಟೋ ಹೊತ್ತಾದರೂ ಬಂಡೆ ಕಾದೇ ಇರುತ್ತದೆ, ಹೊಳೆಯ ಮರಳು ಬೇಗ ತಣ್ಣಗಾಗುತ್ತದೆ. ಕ್ಷುದ್ರಗ್ರಹದ ಹಗಲು ರಾತ್ರಿಯ ಶಾಖವನ್ನು ದೂರದಿಂದ ಅಳೆದು, ಅದು ಎಷ್ಟು ಬೇಗ ಆರುತ್ತದೆ ಎಂಬುದರಿಂದ ಮೇಲ್ಮೈ ಬಂಡೆಯೋ ಮರಳೋ ಎಂದು ಹೇಳುವುದು ರೂಢಿ. ಬೆನ್ನು ಸಾಕಷ್ಟು ಬೇಗ ಆರುತ್ತಿತ್ತು. ಹಾಗಾಗಿ ಸೆಂಟಿಮೀಟರ್ ಗಾತ್ರದ ಹರಳು ಹಾಸಿದ ನಯವಾದ ಬಯಲುಗಳಿರುತ್ತವೆ ಎಂದುಕೊಂಡು ನಾಸಾ ಓಸಿರಿಸ್-ರೆಕ್ಸ್ ನೌಕೆಯನ್ನು ಐವತ್ತು ಮೀಟರ್ ಅಗಲದ ಜಾಗದಲ್ಲಿ ಇಳಿಸಲು ಸಜ್ಜು ಮಾಡಿತು.

2018ರ ಡಿಸೆಂಬರಿನಲ್ಲಿ ನೌಕೆ ಹೋಗಿ ನೋಡಿದರೆ ಬಯಲೆಂಬುದೇ ಇಲ್ಲ, ಎಲ್ಲೆಲ್ಲೂ ಬಂಡೆ. ಹತ್ತು ಮೀಟರಿಗಿಂತ ದೊಡ್ಡವೇ ಇನ್ನೂರಕ್ಕೂ ಹೆಚ್ಚು. ಬೇಗ ಆರುವ ಗುಟ್ಟು ಬಂಡೆಗಳ ಒಳಗಿತ್ತು: ಅವು ರಂಧ್ರಮಯ, ಸಡಿಲ, ಶಾಖ ಹಿಡಿದಿಡಲಾರದಂಥವು. ಅಳತೆ ಸರಿಯಾಗಿಯೇ ಇತ್ತು, ಅದಕ್ಕೆ ಕೊಟ್ಟ ಅರ್ಥ ತಪ್ಪಿತ್ತು. ಕೊನೆಗೆ ಹುಡುಕಿ ಹುಡುಕಿ ನೈಟಿಂಗೇಲ್ ಎಂದು ಹೆಸರಿಟ್ಟ ಹದಿನಾರು ಮೀಟರ್ ಅಗಲದ ಒಂದು ತಾವಿನಲ್ಲಿ, ನೌಕೆಯ ಕಂಪ್ಯೂಟರಿಗೆ ಅಲ್ಲಿನ ಚಿತ್ರಗಳನ್ನೇ ಕಲಿಸಿ, 2020ರ ಅಕ್ಟೋಬರ್ 20ರಂದು ಇಳಿಸಿದರು.

ಆಮೇಲೆ ನಡೆದದ್ದು ಇನ್ನೂ ವಿಚಿತ್ರ. ನೌಕೆಯ ಕೈ ಸೆಕೆಂಡಿಗೆ ಹತ್ತು ಸೆಂಟಿಮೀಟರಿನಂತೆ ಮೆಲ್ಲಗೆ ನೆಲ ಮುಟ್ಟಿತು. ನೆಲ ತಡೆಯಲಿಲ್ಲ. ಕೈ ಒಳಕ್ಕೆ ಇಳಿಯುತ್ತಲೇ ಹೋಯಿತು, ಸುಮಾರು ಅರ್ಧ ಮೀಟರ್. ಹಿಂದೆ ಸರಿಯಲು ರಾಕೆಟ್ಟುಗಳು ಹೊತ್ತಿಕೊಳ್ಳದಿದ್ದರೆ ಇನ್ನೂ ಇಳಿಯುತ್ತಿತ್ತು. ಆ ರಾಕೆಟ್ಟಿನ ಗಾಳಿಗೆ ಎದ್ದ ಪುಡಿ, ಕಲ್ಲು ಎಲ್ಲ ಚಿಮ್ಮಿ ಎಂಟು ಮೀಟರಿನಷ್ಟು ಅಗಲದ ಗುಂಡಿಯಾಯಿತು. ಮಾದರಿ ಅರವತ್ತು ಗ್ರಾಂ ಸಿಕ್ಕರೆ ಸಾಕೆಂದಿದ್ದರು. ಎಷ್ಟು ತುಂಬಿತೆಂದರೆ ಡಬ್ಬಿಯ ಮುಚ್ಚಳಕ್ಕೆ ಕಲ್ಲು ಸಿಕ್ಕಿಕೊಂಡು ಒಂದಷ್ಟು ಬಾಹ್ಯಾಕಾಶಕ್ಕೆ ಸೋರಿಹೋಯಿತು. 2023ರ ಸೆಪ್ಟೆಂಬರಿನಲ್ಲಿ ಭೂಮಿಗೆ ಬಂದ ಡಬ್ಬಿಯಿಂದ 121.6 ಗ್ರಾಂ ತೆಗೆದರು, ಅದೂ ಎರಡು ತಿರುಪುಗಳು ತಿಂಗಳುಗಟ್ಟಲೆ ಸತಾಯಿಸಿದ ಮೇಲೆ. ಆ ಪುಡಿಯಲ್ಲಿ ಹದಿನಾಲ್ಕು ಬಗೆಯ ಜೈವಿಕ ಅಮೈನೊ ಆಮ್ಲಗಳೂ ಡಿಎನ್‌ಎ, ಆರ್‌ಎನ್‌ಎಗಳ ಐದೂ ಪ್ರತ್ಯಾಮ್ಲಗಳೂ ಸಿಕ್ಕಿದವೆಂದು 2025ರ ಜನವರಿಯಲ್ಲಿ ಬಂದ ವರದಿ ಎಲ್ಲೆಡೆ ಸುದ್ದಿಯಾಯಿತು. ಸಹಜವೇ. ಆದರೆ ಕೈ ಒಳಗಿಳಿದ ಆ ಕೆಲವು ಸೆಕೆಂಡುಗಳು ನನಗೆ ಅದಕ್ಕಿಂತ ಕಡಿಮೆ ಸುದ್ದಿ ಎನಿಸುವುದಿಲ್ಲ. ದೂರದಿಂದಲಂತೂ ಸರಿ, ಎರಡು ವರ್ಷ ಪಕ್ಕದಲ್ಲೇ ಸುತ್ತುತ್ತ ಸೆಂಟಿಮೀಟರ್ ಮಟ್ಟಿಗೆ ಚಿತ್ರ ತೆಗೆದವರಿಗೂ ನೆಲ ಕಾಲು ಹಿಡಿಯುತ್ತದೋ ಇಲ್ಲವೋ ಎಂದು ಮುಟ್ಟುವವರೆಗೆ ಗೊತ್ತಾಗಲಿಲ್ಲ. ಹಯಬುಸ2 2019ರ ಏಪ್ರಿಲಿನಲ್ಲಿ ರ್‍ಯೂಗುವಿಗೆ ಎರಡು ಕಿಲೋ ತಾಮ್ರದ ಗುಂಡು ಹೊಡೆದಾಗಲೂ ಹೀಗೇ: ಹದಿನಾಲ್ಕು ಮೀಟರಿಗೂ ಮಿಕ್ಕಿದ ಕುಳಿ ಬಿತ್ತು, ಅಂಟೇ ಇಲ್ಲದ ಒಣ ಪುಡಿಯಲ್ಲಿ ಬೀಳುವ ಹಾಗೆ.

ಈ ಗುಣಗಳು ಕಕ್ಷೆಯನ್ನೂ ಬಿಡುವುದಿಲ್ಲ. ಹಗಲಲ್ಲಿ ಕಾದ ಮಗ್ಗುಲು ಸಂಜೆಯಾಚೆ ತಿರುಗಿ ಶಾಖ ಬಿಡುವಾಗ ಕಲ್ಲಿಗೆ ಅತಿ ಸಣ್ಣ ನೂಕು ಸಿಗುತ್ತದೆ. 1900ರ ಆಸುಪಾಸಿನಲ್ಲಿ ಇವಾನ್ ಯಾರ್ಕೋವ್‌ಸ್ಕಿ ಎಂಬ ಎಂಜಿನಿಯರ್ ಊಹಿಸಿದ ಈ ಪರಿಣಾಮವನ್ನು 2003ರಲ್ಲಿ ಗೊಲೆವ್ಕಾ ಎಂಬ ಕಲ್ಲಿನ ಮೇಲೆ ರೇಡಾರ್ ಹಿಡಿಯಿತು. ಹನ್ನೆರಡು ವರ್ಷಕ್ಕೆ ಹದಿನೈದು ಕಿಲೋಮೀಟರ್ ಸರಿದಿತ್ತು. ಬೆನ್ನು ವರ್ಷಕ್ಕೆ 284 ಮೀಟರಿನಂತೆ ಸೂರ್ಯನತ್ತ ಸರಿಯುತ್ತಿದೆ. ಇದೇ ಬಿಸಿಲು ಕಲ್ಲಿನ ತಿರುಗಾಟವನ್ನೂ ನಿಧಾನವಾಗಿ ಹೆಚ್ಚಿಸಬಲ್ಲದು. ಮಿತಿ ಮುಟ್ಟಿದ ಗುಡ್ಡೆಯಿಂದ ಕಲ್ಲುಗಳು ಕಳಚಿ ಪುಟ್ಟ ಚಂದ್ರನಾಗುತ್ತವೆ. ಭೂಮಿಯ ಆಸುಪಾಸಿನ ಕ್ಷುದ್ರಗ್ರಹಗಳಲ್ಲಿ ನೂರಕ್ಕೆ ಹದಿನೈದರಷ್ಟು ಹೀಗೆ ಜೋಡಿಗಳು.

ಅಂಥದೊಂದು ಜೋಡಿ ಡಿಡಿಮೋಸ್. ದೊಡ್ಡದು 2.26 ಗಂಟೆಗೆ ಒಂದು ಸುತ್ತು, ಅಂದರೆ ಸರಿಯಾಗಿ ಮಿತಿಯ ಅಂಚಿನಲ್ಲಿ. ಅದರ ಚಂದ್ರ ಡೈಮಾರ್ಫೋಸ್ 150 ಮೀಟರ್ ಚಿಲ್ಲರೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ, 580 ಕಿಲೋ ತೂಕದ್ದು, ಸೆಕೆಂಡಿಗೆ ಆರು ಕಿಲೋಮೀಟರ್ ವೇಗದಲ್ಲಿ ಹೋಗಿ ಇದಕ್ಕೆ ಗುದ್ದಿತು. ಚಂದ್ರ ಒಂದು ಸುತ್ತು ಹಾಕಲು ಮೊದಲು 11 ಗಂಟೆ 55 ನಿಮಿಷ ಬೇಕಿತ್ತು, ಆಮೇಲೆ ಅದಕ್ಕಿಂತ 33 ನಿಮಿಷ ಕಡಿಮೆ. ಒಂದೂಕಾಲು ನಿಮಿಷ ತಗ್ಗಿದರೂ ಗೆಲುವೆಂದು ಹೇಳಿಕೊಂಡು ಹೊರಟಿದ್ದರು! ಇಷ್ಟೊಂದು ಆದದ್ದು ಹೇಗೆಂದರೆ, ಗುದ್ದಿಗೆ ಎದ್ದ ಕಲ್ಲುಪುಡಿ ಹಿಂದಕ್ಕೆ ಚಿಮ್ಮುವಾಗ ಕೊಟ್ಟ ಒದೆತ ನೌಕೆಯ ಗುದ್ದಿಗಿಂತ ದೊಡ್ಡದಾಗಿತ್ತು. ಒಟ್ಟು ನೂಕು ನೌಕೆಯದರ ಸುಮಾರು 3.6 ಪಟ್ಟು ಎಂದು ಲೆಕ್ಕ ಹಾಕಿದ್ದಾರೆ. ಆದರೆ ಅಡಿಟಿಪ್ಪಣಿ ಓದಬೇಕು: ಡೈಮಾರ್ಫೋಸ್ ತೂಕ ಗೊತ್ತಿಲ್ಲ, ಊಹಿಸಿದ ಸಾಂದ್ರತೆ ಬದಲಾದರೆ ಆ ಅಂಕಿ 2.2ರಿಂದ 4.9ರವರೆಗೆ ಎಲ್ಲಿ ಬೇಕಾದರೂ ಕೂರಬಹುದು. ಗುಡ್ಡೆಯ ಬದಲು ಗಟ್ಟಿ ಬಂಡೆಯಾಗಿದ್ದರೆ ಪುಡಿ ಚಿಮ್ಮುವ ರೀತಿಯೇ ಬೇರೆಯಾಗುತ್ತಿತ್ತು, ಒದೆತವೂ ಬೇರೆ. ಆದ್ದರಿಂದ ಡಾರ್ಟ್ ಗೆದ್ದಿತು ಎಂದರೆ ಇನ್ನು ಯಾವ ಕಲ್ಲು ಬಂದರೂ ಹೆದರಬೇಕಿಲ್ಲ ಎಂದು ಓದಿಕೊಳ್ಳುವುದು ಅವಸರದ ಮಾತು. 2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಿನ ಹೆರಾ ನೌಕೆಯ ಕೆಲಸ ಇದನ್ನು ತೂಗುವುದು. ಅದರ ಜೊತೆ ಹೋಗಿರುವ ಜುವೆಂಟಸ್ ಎಂಬ ಪೆಟ್ಟಿಗೆ ಗಾತ್ರದ ಉಪಗ್ರಹದಲ್ಲಿ ಕಲ್ಲಿನ ಒಳಹೊಕ್ಕು ನೋಡುವ ರೇಡಾರ್ ಇದೆ. ಕ್ಷುದ್ರಗ್ರಹವೊಂದರ ಒಳಗನ್ನು ಹಾಗೆ ನೋಡುವುದು ಇದೇ ಮೊದಲಾಗಲಿದೆ.

ಅದಾದ ಮೇಲೆ ಸರದಿ ಅಪೋಫಿಸ್‌ನದು. 2029ರ ಏಪ್ರಿಲ್ 13ರಂದು ಈ 340 ಮೀಟರಿನ ಕಲ್ಲು ಭೂಮಿಯ ಮೇಲ್ಮೈಯಿಂದ 32,000 ಕಿಲೋಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಹಾಸನದ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಇರುವುದು ಅದಕ್ಕಿಂತ ಎತ್ತರದಲ್ಲಿ, 36,000ದ ಹತ್ತಿರ. ಬಡಿಯುವ ಭಯವಿಲ್ಲ. ಭೂಮಿಯ ಗುರುತ್ವ ಅದನ್ನು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಎಳೆಯುತ್ತದೆ. ಈಗಾಗಲೇ ಓಲಾಡುತ್ತ ತಿರುಗುತ್ತಿರುವ ಕಲ್ಲಿನ ತಿರುಗಾಟ ಇದರಿಂದ ಬದಲಾಗುವುದು ಖಚಿತ. ಯುರೋಪಿನ ರಾಮ್ಸೆಸ್ ನೌಕೆಯನ್ನು ಮೊದಲೇ ಅಲ್ಲಿಗೆ ಕಳಿಸುವ ಯೋಜನೆಯಿದೆ. ಬೆನ್ನುವಿನ ಮಾದರಿ ಇಳಿಸಿ ಮುಂದೆ ಸಾಗಿದ ಹಳೆಯ ನೌಕೆಯೇ ಓಸಿರಿಸ್-ಅಪೆಕ್ಸ್ ಎಂಬ ಹೊಸ ಹೆಸರಿನಲ್ಲಿ ಅತ್ತ ಹೊರಟಿದೆ. ತಿರುಗಾಟ ಎಷ್ಟು ಬದಲಾದೀತು ಎಂದು ಹಲವು ತಂಡಗಳು ಈಗಲೇ ಲೆಕ್ಕ ಮಾಡಿಟ್ಟಿವೆ. ಒಳಗೆ ತೂಕ ಎಲ್ಲೆಲ್ಲಿ ಹಂಚಿದೆ, ಎರಡು ದೊಡ್ಡ ಬಂಡೆಗಳು ಅಂಟಿಕೊಂಡದ್ದೋ ಸಾವಿರಾರು ಕಲ್ಲುಗಳು ಕೂಡಿದ್ದೋ ಎಂಬ ಊಹೆಯ ಮೇಲೆ ಒಂದೊಂದು ತಂಡದ್ದು ಒಂದೊಂದು ಉತ್ತರ. ಅಪೋಫಿಸ್ ದಾಟಿದ ಮೇಲಿನ ವಾರಗಳಲ್ಲಿ ಅದರ ಹೊಳಪಿನ ಏರಿಳಿತವನ್ನು ಮತ್ತೆ ಅಳೆದಾಗ ಯಾರ ಲೆಕ್ಕ ಹೊಂದಿತು, ಯಾರದು ತಪ್ಪಿತು ಎಂಬುದು ಗೊತ್ತಾಗುತ್ತದೆ.